ಬ್ಯಾಚ್ ಫೈಲಿನ ಲೂಪ್: ಯಾವುದನ್ನು ಯಾವಾಗ ಓದಲಾಗುತ್ತದೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನಾನು ಕಂಡಿರುವ ಸಣ್ಣ ಕಚೇರಿಗಳ, ಅಡಿಕೆ ಮಂಡಿಗಳ, ತೋಟದ ಮನೆಗಳ ಕಂಪ್ಯೂಟರುಗಳು ಹೆಚ್ಚಾಗಿ ವಿಂಡೋಸ್ ಯಂತ್ರಗಳು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಯಾವಾಗ ಕೈಕೊಡುತ್ತವೆಂದು ಹೇಳಲಾಗದ ಊರುಗಳಲ್ಲಿ ಹೊಸ ತಂತ್ರಾಂಶವನ್ನು ಇಳಿಸಿಕೊಂಡು, ಅದನ್ನು ಆಗಾಗ ನವೀಕರಿಸುತ್ತ ಹೋಗುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಯಾವ ವಿಂಡೋಸ್ ಯಂತ್ರದಲ್ಲಾದರೂ ಮೊದಲೇ ಇರುವ, ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಕಮಾಂಡ್ ಪ್ರಾಂಪ್ಟನ್ನೂ, ಆ ಆಜ್ಞೆಗಳನ್ನು ಸಾಲುಸಾಲಾಗಿ ನೋಟ್‌ಪ್ಯಾಡಿನಲ್ಲಿ ಬರೆದು ಉಳಿಸಿದರೆ ಸಾಕೆನ್ನುವ ಬ್ಯಾಚ್ ಫೈಲನ್ನೂ ನಾನು ಇಂದಿಗೂ ಗೌರವದಿಂದ ಕಾಣುವುದು ಈ ಕಾರಣಕ್ಕೆ. ಒಂದೇ ಕೆಲಸವನ್ನು ನೂರು ಕಡತಗಳ ಮೇಲೆ ಮಾಡಬೇಕಾದಾಗ ಬೇಕಾಗುವುದು ಲೂಪ್, ಮತ್ತು ಬ್ಯಾಚ್ ಫೈಲಿನಲ್ಲಿ ಜನರು ಹೆಚ್ಚು ಎಡವುವುದೂ ಅಲ್ಲಿಯೇ.

ಲೂಪಿನ ಮುಖ್ಯ ಆಜ್ಞೆಯಾದ ಫಾರ್ ಹಳೆಯದು. 1983ರ ಎಂಎಸ್-ಡಾಸ್ 2.0 ಆವೃತ್ತಿಯಿಂದಲೂ ಇದೆ. ಸಂಖ್ಯೆಗಳ ಮೇಲೆ ಎಣಿಸಿಕೊಂಡು ಹೋಗುವ /ಎಲ್, ಕಡತದ ಸಾಲುಗಳನ್ನು ಓದುವ /ಎಫ್, ಒಳಗಿನ ಫೋಲ್ಡರುಗಳಿಗೂ ಇಳಿಯುವ /ಆರ್ ಎಂಬ ರೂಪಗಳು ವಿಂಡೋಸ್ ಎನ್‌ಟಿ ಪರಂಪರೆಯಲ್ಲಿ ಆಮೇಲೆ ಸೇರಿದವು. ಈ ರೂಪಗಳ ಪಟ್ಟಿ ಎಲ್ಲ ಕಡೆಯೂ ಸಿಗುತ್ತದೆ, ಫಾರ್ /? ಎಂದು ಟೈಪ್ ಮಾಡಿದರೆ ಯಂತ್ರವೇ ತೋರಿಸುತ್ತದೆ. ಆದರೆ ಆ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡವರ ಲೂಪುಗಳೂ ತಪ್ಪು ಉತ್ತರ ಕೊಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಬಹುತೇಕ ಪ್ರತಿ ಸಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೇವೆ: ಈ ಸಾಲನ್ನು, ಈ ಹೆಸರನ್ನು, ಈ ಪಟ್ಟಿಯನ್ನು ಕಂಪ್ಯೂಟರು ಓದಿದ್ದು ಯಾವಾಗ? ಲೂಪು ತಿರುಗುವ ಮೊದಲೋ, ತಿರುಗುತ್ತಿರುವಾಗಲೋ? ಇದಕ್ಕೆ ಸ್ಪಷ್ಟ ಉತ್ತರ ಗೊತ್ತಿರುವವನಿಗೆ ಬ್ಯಾಚ್ ಲೂಪಿನ ವಿಚಿತ್ರ ವರ್ತನೆಗಳಲ್ಲಿ ಹೆಚ್ಚಿನವು ವಿಚಿತ್ರವಾಗಿ ಉಳಿಯುವುದಿಲ್ಲ.

ಇಲ್ಲಿ ಆಜ್ಞೆಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಕೊಡುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಬರೆಯುವಾಗ ಆಜ್ಞೆಗಳನ್ನೂ ಒಂದಕ್ಷರದ ಚರಗಳನ್ನೂ (ಬೆಲೆಯೊಂದನ್ನು ಹಿಡಿದಿಡುವ ಹೆಸರುಗಳನ್ನು) ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಫೋಲ್ಡರು, ಕಡತಗಳ ಹೆಸರು ಕನ್ನಡದಲ್ಲಿರಬಹುದು.

ಸರಳವಾದದ್ದರಿಂದ ಆರಂಭಿಸೋಣ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಡಿಕೆಯ ಧಾರಣೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆಯಾಗಿ ಪ್ರಕಟವಾಗುತ್ತದೆ. ಒಂದೊಂದಕ್ಕೂ ಒಂದೊಂದು ಫೋಲ್ಡರ್ ಬೇಕಾದರೆ ಬ್ಯಾಚ್ ಫೈಲಿನಲ್ಲಿ ಇಷ್ಟು ಸಾಕು:

ಫಾರ್ %%ಎ ಇನ್ (ಸರಕು ಬೆಟ್ಟೆ ರಾಶಿ ಗೊರಬಲು) ಡು ಎಂಡಿ "%%ಎ"

ಇದೇ ಸಾಲನ್ನು ನೇರವಾಗಿ ಕಮಾಂಡ್ ಪ್ರಾಂಪ್ಟಿನಲ್ಲಿ ಟೈಪ್ ಮಾಡುವುದಾದರೆ ಎರಡು ಶೇಕಡಾ ಚಿಹ್ನೆಗಳ ಬದಲು ಒಂದೇ ಇರಬೇಕು. ಬ್ಯಾಚ್ ಫೈಲನ್ನು ಓದುವಾಗ ಕಮಾಂಡ್ ಪ್ರಾಂಪ್ಟು ಎರಡು ಶೇಕಡಾ ಚಿಹ್ನೆಗಳನ್ನು ಒಂದಾಗಿ ಮಾಡಿ ಮುಂದಕ್ಕೆ ಕೊಡುತ್ತದೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಓದುವ ಹಂತ ಬೇರೆ, ನಡೆಸುವ ಹಂತ ಬೇರೆ ಎಂಬುದರ ಮೊದಲ ಸುಳಿವು ಇಲ್ಲಿಯೇ ಇದೆ. ಇನ್ನೊಂದು ಸಣ್ಣ ಸಂಗತಿ: ಫಾರ್ ಲೂಪಿನ ಚರ ಒಂದೇ ಅಕ್ಷರದ್ದು, ಮತ್ತು ಅಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳು ಬೇರೆ ಬೇರೆ. ಸೆಟ್ ಆಜ್ಞೆಯಿಂದ ಮಾಡಿಕೊಳ್ಳುವ ಚರಗಳಿಗೆ ಈ ಭೇದವಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿಯಿದೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆಯನ್ನು ಯಾವಾಗ ಮಾಡಬೇಕು, ಮತ್ತೆ ಯಾವಾಗ ಹೊಡೆಯಬೇಕು ಎಂಬುದೆಲ್ಲ ಮಳೆಯ ನಡೆಯನ್ನು ನೋಡಿಯೇ ತೀರ್ಮಾನವಾಗುವುದರಿಂದ, ಅದು ಉಪಯೋಗಕ್ಕೆ ಬರುವ ಲೆಕ್ಕ. ನಮ್ಮ ಮನೆಯಲ್ಲಿ ಈಗ ಅದನ್ನು ನೋಡಿಕೊಳ್ಳುವವಳು ಅಣ್ಣನ ಮಗಳು. ತಿಂಗಳಿಗೊಂದು ಸಿಎಸ್‌ವಿ ಕಡತದಲ್ಲಿ, ದಿನಕ್ಕೊಂದು ಸಾಲಿನಂತೆ, ದಿನಾಂಕ ಮತ್ತು ಮಳೆಯ ಪ್ರಮಾಣವನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆಯುತ್ತಾಳೆ. ತಿಂಗಳ ಮೊತ್ತಕ್ಕೆಂದು ಅವಳು ಬರೆದ ಲೂಪು ಹೀಗಿತ್ತು (ಇದರಲ್ಲಿ ಸ್ಕಿಪ್=1 ಶೀರ್ಷಿಕೆಯ ಮೊದಲ ಸಾಲನ್ನು ಬಿಡುತ್ತದೆ, ಡೆಲಿಮ್ಸ್ ವಿಭಜಕ ಚಿಹ್ನೆಯನ್ನು, ಟೋಕನ್ಸ್ ಎಷ್ಟನೆಯ ಭಾಗ ಬೇಕೆಂಬುದನ್ನು ಹೇಳುತ್ತದೆ; ಸೆಟ್ /ಎ ಲೆಕ್ಕ ಮಾಡುವ, ಎಕೋ ತೆರೆಯ ಮೇಲೆ ತೋರಿಸುವ ಆಜ್ಞೆ):

ಸೆಟ್ /ಎ ಮೊತ್ತ=0
ಫಾರ್ /ಎಫ್ "ಸ್ಕಿಪ್=1 ಟೋಕನ್ಸ್=2 ಡೆಲಿಮ್ಸ್=," %%ಬಿ ಇನ್ (ಜೂನ್.ಸಿಎಸ್‌ವಿ) ಡು (
ಸೆಟ್ /ಎ ಮೊತ್ತ=%ಮೊತ್ತ%+%%ಬಿ
)
ಎಕೋ %ಮೊತ್ತ%

"ಚಿಕ್ಕಪ್ಪ, ಜೂನ್ ತಿಂಗಳ ಒಟ್ಟು ಮಳೆ ಅಂತ ಇದು 30ನೇ ತಾರೀಖಿನ ಮಳೆಯನ್ನಷ್ಟೇ ತೋರಿಸ್ತಾ ಇದೆಯಲ್ಲ?" ಎಂದು ಅವಳು ಕೇಳಿದಳು. ಅವಳ ಗಮನ ಸರಿಯಾದ ಜಾಗಕ್ಕೇ ಹೋಗಿತ್ತು. ಲೂಪು ಪ್ರತಿ ಸಾಲಿಗೂ ಒಮ್ಮೆ ತಿರುಗಿತ್ತು, ಪ್ರತಿ ಸಲವೂ ಕೂಡಿಸಿತ್ತು. ಆದರೆ ಪ್ರತಿ ಸಲವೂ ಸೊನ್ನೆಗೇ ಕೂಡಿಸಿತ್ತು.

ಕಾರಣ ಇದು. ಡು ಎಂಬುದರ ಮುಂದೆ ಆವರಣ ಚಿಹ್ನೆ ತೆರೆದುಕೊಂಡರೆ, ಅದು ಮುಚ್ಚುವವರೆಗಿನ ಎಲ್ಲ ಸಾಲುಗಳನ್ನೂ ಕಮಾಂಡ್ ಪ್ರಾಂಪ್ಟು ಒಂದೇ ಆಜ್ಞೆಯೆಂದು ಪರಿಗಣಿಸಿ, ಲೂಪಿನ ಮೊದಲ ಸುತ್ತು ಶುರುವಾಗುವುದಕ್ಕೂ ಮುಂಚೆ ಒಟ್ಟಿಗೇ ಓದಿಬಿಡುತ್ತದೆ. ಹಾಗೆ ಓದುವಾಗ %ಮೊತ್ತ% ಎಂದು ಕಂಡಲ್ಲೆಲ್ಲ ಆ ಕ್ಷಣದ ಬೆಲೆಯನ್ನು, ಅಂದರೆ ಸೊನ್ನೆಯನ್ನು, ಬರೆದುಬಿಡುತ್ತದೆ. ಆಮೇಲೆ ನಡೆಯುವ ಲೂಪಿನ ಒಳಗೆ ಮೊತ್ತ ಎಂಬ ಹೆಸರಿನ ಶೇಕಡಾ ಚರವೇ ಇರುವುದಿಲ್ಲ. 'ಸೊನ್ನೆಗೆ ಇವತ್ತಿನ ಮಳೆಯನ್ನು ಕೂಡಿಸು' ಎಂಬ ಸ್ಥಿರವಾದ ವಾಕ್ಯವಷ್ಟೇ ಉಳಿದಿರುತ್ತದೆ. %%ಬಿ ಮಾತ್ರ ಸುತ್ತುಸುತ್ತಿಗೂ ಬದಲಾಗುತ್ತದೆ, ಏಕೆಂದರೆ ಅದನ್ನು ತುಂಬುವ ಹೊಣೆ ಫಾರ್ ಆಜ್ಞೆಯದು, ಮತ್ತು ಫಾರ್ ಆ ಕೆಲಸವನ್ನು ಮಾಡುವುದು ಓಡುತ್ತಿರುವಾಗ. ಇಫ್ ಆಜ್ಞೆಯ ಆವರಣಕ್ಕೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ಲೂಪು ಕಲಿತವರೂ ಮರೆಯುತ್ತಾರೆ.

ಇದಕ್ಕೆ ಪರಿಹಾರ ಒಂದಕ್ಕಿಂತ ಹೆಚ್ಚು, ಮತ್ತು ನನ್ನ ಮಟ್ಟಿಗೆ ಅವು ಸಮಾನವಲ್ಲ. ಲೆಕ್ಕದ ಕೆಲಸವಾದರೆ ಅತ್ಯಂತ ಹಗುರವಾದದ್ದು ಶೇಕಡಾ ಚಿಹ್ನೆಯನ್ನೇ ಬಿಟ್ಟುಬಿಡುವುದು: ಸೆಟ್ /ಎ ಮೊತ್ತ=ಮೊತ್ತ+%%ಬಿ ಎಂದು ಬರೆದರೆ ಸಾಕು. ಸೆಟ್ /ಎ ತನ್ನ ಮುಂದಿರುವ ಹೆಸರುಗಳ ಬೆಲೆಯನ್ನು ತಾನೇ, ನಡೆಯುವ ಹೊತ್ತಿನಲ್ಲಿಯೇ, ನೋಡಿಕೊಳ್ಳುತ್ತದೆ. ಹುಡುಗಿಯ ಲೂಪಿನಲ್ಲಿ ಎರಡು ಶೇಕಡಾ ಚಿಹ್ನೆಗಳನ್ನು ಅಳಿಸಿದ ಕೂಡಲೇ ಜೂನ್ ತಿಂಗಳ ಮೊತ್ತ ಸರಿಯಾಗಿ ಬಂತು. ಕೊನೆಯ ಎಕೋ ಸಾಲಿನಲ್ಲಿ ಶೇಕಡಾ ಚಿಹ್ನೆ ಇದ್ದರೂ ತೊಂದರೆಯಿಲ್ಲ, ಏಕೆಂದರೆ ಅದು ಆವರಣದ ಹೊರಗಿದೆ. ಅದನ್ನು ಓದುವ ಹೊತ್ತಿಗೆ ಲೂಪು ಮುಗಿದಿರುತ್ತದೆ.

ಲೆಕ್ಕವಲ್ಲದೆ ಹೆಸರುಗಳನ್ನು ಕಟ್ಟುವ ಕೆಲಸವಾದರೆ ಹೆಚ್ಚಿನವರು ಹೇಳಿಕೊಡುವುದು ಫೈಲಿನ ಆರಂಭದಲ್ಲಿ ಸೆಟ್‌ಲೋಕಲ್ ಎನೇಬಲ್‌ಡಿಲೇಡ್‌ಎಕ್ಸ್‌ಪ್ಯಾನ್ಷನ್ ಎಂಬ ಉದ್ದನೆಯ ಸಾಲನ್ನು ಹಾಕಿ, ಒಳಗೆ %ಹೆಸರು% ಎಂಬುದರ ಬದಲು !ಹೆಸರು! ಎಂದು ಬರೆಯುವುದನ್ನು. ಆಶ್ಚರ್ಯಸೂಚಕ ಚಿಹ್ನೆಗಳ ನಡುವಿನ ಹೆಸರನ್ನು ಕಮಾಂಡ್ ಪ್ರಾಂಪ್ಟು ಓದುವ ಹೊತ್ತಿನಲ್ಲಿ ಮುಟ್ಟುವುದಿಲ್ಲ, ಆ ಸಾಲನ್ನು ನಡೆಸುವ ಹೊತ್ತಿನಲ್ಲಿ ತುಂಬುತ್ತದೆ. ಇದು ಸರಿಯಾದ ಮಾರ್ಗವೇ. ಆದರೆ ಇದನ್ನು ಯೋಚಿಸದೆ ಪ್ರತಿ ಬ್ಯಾಚ್ ಫೈಲಿನ ತಲೆಗೆ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಈ ವ್ಯವಸ್ಥೆ ಜಾರಿಯಲ್ಲಿದ್ದಾಗ %%ಎಫ್ ಮೂಲಕ ಬಂದ ಕಡತದ ಹೆಸರಿನಲ್ಲಿಯೇ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ, ಅದೂ ಚರದ ಗುರುತೆಂದು ಭಾವಿಸಲ್ಪಟ್ಟು ಅಳಿಸಿಹೋಗುತ್ತದೆ. 'ಗಣಪತಿ ಹಬ್ಬ!' ಎಂಬ ಹೆಸರಿನ ಫೋಟೋ ಲೂಪಿನೊಳಗೆ 'ಗಣಪತಿ ಹಬ್ಬ' ಆಗಿಬಿಡುತ್ತದೆ, ಮತ್ತು ಆ ಹೆಸರಿನ ಕಡತ ಇಲ್ಲ ಎಂಬ ದೂರು ಬರುತ್ತದೆ. ಕಡತ ಕಣ್ಣೆದುರಿಗೇ ಇದ್ದರೂ ಇಲ್ಲವೆನ್ನುವ ಇಂಥ ದೋಷವನ್ನು ಹುಡುಕುವುದು ಬಹಳ ಕಷ್ಟ.

ಆದ್ದರಿಂದ ಕಡತಗಳ ಹೆಸರಿನೊಂದಿಗೆ ಕೆಲಸ ಮಾಡುವ ಲೂಪನ್ನು ನಾನು ಹೀಗೆ ಬರೆಯುತ್ತೇನೆ. ಆರಂಭದಲ್ಲಿ ಈ ವ್ಯವಸ್ಥೆಯನ್ನು ಆಫ್ ಆಗಿಯೇ ಇಟ್ಟುಕೊಂಡು, ಲೂಪಿನೊಳಗೆ ಮೊದಲು ಹೆಸರನ್ನು ಒಂದು ಚರಕ್ಕೆ ಹಾಕಿಕೊಂಡು, ಆಮೇಲೆ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಮತ್ತೆ ಮುಚ್ಚುವುದು:

ಫಾರ್ %%ಎಫ್ ಇನ್ (*.ಜೆಪಿಜಿ) ಡು (
ಸೆಟ್ /ಎ ಎಣಿಕೆ=ಎಣಿಕೆ+1
ಸೆಟ್ "ಹೆಸರು=%%ಎಫ್"
ಸೆಟ್‌ಲೋಕಲ್ ಎನೇಬಲ್‌ಡಿಲೇಡ್‌ಎಕ್ಸ್‌ಪ್ಯಾನ್ಷನ್
ಎಕೋ !ಎಣಿಕೆ! !ಹೆಸರು!
ಎಂಡ್‌ಲೋಕಲ್
)

ಇಲ್ಲಿ ಎಂಡ್‌ಲೋಕಲ್ ಸಾಲನ್ನು ಬಿಡುವಂತಿಲ್ಲ. ಸೆಟ್‌ಲೋಕಲ್ ಒಂದರೊಳಗೊಂದು 32 ಮಟ್ಟಗಳವರೆಗೆ ಮಾತ್ರ ಇಳಿಯಬಲ್ಲದು. ಮುಚ್ಚದೆ ಬಿಟ್ಟರೆ ಕೆಲವೇ ಕಡತಗಳಿರುವ ಫೋಲ್ಡರಿನಲ್ಲಿ ಸರಿಯಾಗಿ ನಡೆದ ಲೂಪು ದೊಡ್ಡ ಫೋಲ್ಡರಿನಲ್ಲಿ ನಡುವೆಯೇ ನಿಂತುಹೋಗುತ್ತದೆ. ಎಣಿಕೆಯನ್ನು ಸೆಟ್‌ಲೋಕಲ್‌ಗೆ ಮೊದಲೇ ಹೆಚ್ಚಿಸಿರುವುದಕ್ಕೂ ಕಾರಣವಿದೆ: ಸೆಟ್‌ಲೋಕಲ್ ಮತ್ತು ಎಂಡ್‌ಲೋಕಲ್ ನಡುವೆ ಬದಲಾದ ಚರಗಳೆಲ್ಲ ಎಂಡ್‌ಲೋಕಲ್ ಆದೊಡನೆ ಹಳೆಯ ಬೆಲೆಗೆ ಮರಳುತ್ತವೆ.

ಚರಗಳ ವಿಷಯದಲ್ಲಿ ಕೇಳಿದ ಪ್ರಶ್ನೆಯನ್ನೇ ಕಡತಗಳ ಪಟ್ಟಿಯ ವಿಷಯದಲ್ಲಿಯೂ ಕೇಳಬೇಕು. ಮೊಬೈಲಿನಿಂದ ಇಳಿಸಿಕೊಂಡ ಮಳೆ ಪುಸ್ತಕದ ಪುಟಗಳ ಫೋಟೋಗಳು ಐಎಂಜಿ ಎಂಬ ಅಕ್ಷರಗಳಿಂದ ಶುರುವಾಗುತ್ತವೆ ಎಂದುಕೊಳ್ಳಿ. ಅವೆಲ್ಲದರ ಹಿಂದೆ 'ಮಳೆ_' ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಬೇಕು. ಸಾಮಾನ್ಯ ಫಾರ್ ಲೂಪಿನಲ್ಲಿ ರೆನ್ "%%ಎಫ್" "ಮಳೆ_%%ಎಫ್" ಎಂದು ಬರೆದರೆ, ಕೆಲವು ಕಡತಗಳು 'ಮಳೆ_ಮಳೆ_' ಎಂದು ಎರಡೆರಡು ಸಲ ಹೆಸರು ಪಡೆದುಕೊಳ್ಳುವ ಸಂಭವವಿದೆ. ಏಕೆಂದರೆ ಸಾಮಾನ್ಯ ಫಾರ್ ಲೂಪು ಕಡತಗಳ ಪೂರ್ತಿ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳುವುದಿಲ್ಲ. ಒಂದು ಕಡತದ ಕೆಲಸ ಮುಗಿಸಿ, ಫೋಲ್ಡರಿನಲ್ಲಿ ಮುಂದಿನದು ಯಾವುದೆಂದು ಮತ್ತೆ ಕೇಳುತ್ತ ಹೋಗುತ್ತದೆ. ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಕಡತ ವ್ಯವಸ್ಥೆಯ ಡಿಸ್ಕಿನಲ್ಲಿ ಹೆಸರುಗಳು ಅಕ್ಷರಾನುಕ್ರಮದಲ್ಲಿ ಸಿಗುತ್ತವೆ, ಮತ್ತು ಇಂಗ್ಲಿಷ್ ವರ್ಣಮಾಲೆಯಲ್ಲಿ 'ಐ' ಅಕ್ಷರದ ಮುಂದೆ 'ಎಂ' ಬರುವುದರಿಂದ, ಹೊಸ ಹೆಸರು ಪಡೆದ ಕಡತ ಲೂಪಿನ ದಾರಿಯಲ್ಲಿ ಮುಂದೆ ಮತ್ತೊಮ್ಮೆ ಎದುರಾಗುತ್ತದೆ. ಎಣಿಸಿದ ಅಡಿಕೆ ಗೊನೆಯನ್ನು ಪಕ್ಕಕ್ಕಿಡದೆ, ಎಣಿಸಬೇಕಾದ ಗೊನೆಗಳ ಕೊನೆಗೇ ಕೊಂಡೊಯ್ದು ಇಟ್ಟ ಹಾಗೆ ಇದು. ಕಡತಗಳು ಕಡಿಮೆಯಿದ್ದಾಗ ಈ ದೋಷ ಕಾಣಿಸದೆಯೂ ಹೋಗಬಹುದು. ಆದ್ದರಿಂದ ನಾಲ್ಕು ಕಡತಗಳ ಮೇಲೆ ಪರೀಕ್ಷಿಸಿ ಸರಿಯಿದೆ ಎಂದು ನಂಬಿದವರಿಗೆ ನೂರಾರು ಕಡತಗಳ ಫೋಲ್ಡರಿನಲ್ಲಿ ಇದು ಎದುರಾಗುತ್ತದೆ.

ಪಟ್ಟಿ ಮೊದಲೇ ಪೂರ್ತಿಯಾಗಿ ಸಿದ್ಧವಾಗಬೇಕಾದರೆ ಫಾರ್ /ಎಫ್ ರೂಪವನ್ನು ಬಳಸಿ, ಕಡತಗಳ ಪಟ್ಟಿ ಕೊಡುವ ಡಿರ್ ಆಜ್ಞೆಯ ಫಲಿತಾಂಶವನ್ನು ಅದಕ್ಕೆ ಕೊಡಬೇಕು:

ಫಾರ್ /ಎಫ್ "ಡೆಲಿಮ್ಸ್=" %%ಎಫ್ ಇನ್ ('ಡಿರ್ /ಬಿ /ಎ-ಡಿ *.ಜೆಪಿಜಿ') ಡು ರೆನ್ "%%ಎಫ್" "ಮಳೆ_%%ಎಫ್"

ಒಂಟಿ ಉದ್ಧರಣ ಚಿಹ್ನೆಯೊಳಗಿನ ಆಜ್ಞೆ ಮೊದಲು ಸಂಪೂರ್ಣವಾಗಿ ನಡೆದು ಮುಗಿದ ಮೇಲೆಯೇ ಲೂಪಿನ ಮೊದಲ ಸುತ್ತು ಆರಂಭವಾಗುತ್ತದೆ. 'ಡೆಲಿಮ್ಸ್=' ಎಂದು ಖಾಲಿ ಬಿಟ್ಟಿರುವುದು ಹೆಸರಿನ ನಡುವೆ ಜಾಗವಿದ್ದರೂ ಇಡೀ ಸಾಲನ್ನು ಒಂದೇ ಹೆಸರಾಗಿ ತೆಗೆದುಕೊಳ್ಳಲಿ ಎಂದು. /ಎ-ಡಿ ಎಂಬುದು ಫೋಲ್ಡರುಗಳನ್ನು ಬಿಟ್ಟು ಕಡತಗಳನ್ನಷ್ಟೇ ಕೊಡುವಂತೆ ಮಾಡುತ್ತದೆ.

ಆದರೆ ಕನ್ನಡ ಹೆಸರಿನ ಕಡತಗಳನ್ನಿಟ್ಟುಕೊಳ್ಳುವ ನಮ್ಮಂಥವರಿಗೆ ಈ ಒಳ್ಳೆಯ ಮಾರ್ಗದಲ್ಲಿ ಒಂದು ಅಡ್ಡಿ ಉಂಟು, ಮತ್ತು ಇಂಗ್ಲಿಷ್ ಹೆಸರುಗಳನ್ನೇ ಇಡುವವರು ಬರೆದ ಪಾಠಗಳಲ್ಲಿ ಇದರ ಮಾತು ಬರುವುದೇ ಇಲ್ಲ. ಎನ್‌ಟಿಎಫ್‌ಎಸ್ ಕಡತದ ಹೆಸರುಗಳನ್ನು ಯುನಿಕೋಡಿನಲ್ಲಿಯೇ ಇಡುತ್ತದೆ, ಆದ್ದರಿಂದ ಸಾಮಾನ್ಯ ಫಾರ್ ಲೂಪಿಗೆ 'ಆಗುಂಬೆ ಜುಲೈ' ಎಂಬ ಹೆಸರು ಹಾಗೆಯೇ ತಲುಪುತ್ತದೆ. ಫಾರ್ /ಎಫ್ ರೂಪದಲ್ಲಿ ಮಾತ್ರ ಡಿರ್ ಆಜ್ಞೆಯ ಫಲಿತಾಂಶ ಪಠ್ಯವಾಗಿ ಪೈಪಿನ ಮೂಲಕ ಹಾದುಬರುತ್ತದೆ, ಹಾಗೆ ಬರುವಾಗ ಆ ಹೊತ್ತಿನ ಕೋಡ್ ಪೇಜಿಗೆ, ಅಂದರೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿಗೆ, ಬದಲಾಗುತ್ತದೆ. ಹಳೆಯ ಕೋಡ್ ಪೇಜುಗಳಲ್ಲಿ ಕನ್ನಡದ ಅಕ್ಷರಗಳಿಗೆ ಸ್ಥಾನವಿಲ್ಲದ ಕಾರಣ, ಹೆಸರಿನ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಬ್ಯಾಚ್ ಫೈಲಿನ ಆರಂಭದಲ್ಲಿ ಸಿಎಚ್‌ಸಿಪಿ 65001 ಎಂಬ ಸಾಲನ್ನು ಹಾಕಿದರೆ ಕೋಡ್ ಪೇಜ್ ಯುಟಿಎಫ್-8 ಆಗುತ್ತದೆ ಮತ್ತು ಹೆಸರುಗಳು ಉಳಿಯುತ್ತವೆ. ಹಳೆಯ ಕಪ್ಪು ಕಿಟಕಿಯಲ್ಲಿ ಆಗಲೂ ಕನ್ನಡ ಅಕ್ಷರಗಳು ಚೌಕಗಳಾಗಿ ಕಾಣಬಹುದು. ಅದು ತೋರಿಸುವ ಫಾಂಟಿನ ಕೊರತೆಯೇ ಹೊರತು ಹೆಸರಿಗೆ ಆದ ಹಾನಿಯಲ್ಲ. ಫೋಲ್ಡರನ್ನು ತೆರೆದು ನೋಡಿದರೆ ಎಲ್ಲವೂ ಸರಿಯಾಗಿರುತ್ತದೆ.

ಬ್ಯಾಚ್ ಫೈಲಿನೊಳಗೇ ಕನ್ನಡ ಬರೆದಿದ್ದರೆ, ಮೇಲಿನ ಅಡಿಕೆಯ ಉದಾಹರಣೆಯಲ್ಲಿದ್ದಂತೆ, ಆ ಫೈಲನ್ನೂ ಯುಟಿಎಫ್-8 ಆಗಿ, ಆದರೆ ಬಿಒಎಂ ಎಂಬ ಆರಂಭದ ಗುಪ್ತ ಗುರುತು ಇಲ್ಲದೆ ಉಳಿಸಬೇಕು. ಆ ಗುರುತಿದ್ದರೆ ಕಮಾಂಡ್ ಪ್ರಾಂಪ್ಟು ಅದನ್ನು ಮೊದಲ ಆಜ್ಞೆಯ ಭಾಗವೆಂದೇ ಓದಿ, ಅಂಥ ಆಜ್ಞೆ ಇಲ್ಲವೆಂದು ಹೇಳುತ್ತದೆ. ವಿಂಡೋಸ್ 10ರ 1903 ಆವೃತ್ತಿಯಿಂದೀಚೆಗೆ ನೋಟ್‌ಪ್ಯಾಡು ತಾನಾಗಿಯೇ ಈ ಗುರುತಿಲ್ಲದ ಯುಟಿಎಫ್-8 ಆಗಿ ಉಳಿಸುತ್ತದೆ. ಅದಕ್ಕಿಂತ ಹಳೆಯ ಯಂತ್ರವಾದರೆ, ಮೊದಲ ಸಾಲನ್ನು ಖಾಲಿ ಬಿಡುವುದು ಒಂದು ಉಪಾಯ.

ಮತ್ತೆ ಮಳೆಯ ಕಡತಕ್ಕೆ ಬರೋಣ, ಏಕೆಂದರೆ ಫಾರ್ /ಎಫ್ ಸಾಲನ್ನು ಹೇಗೆ ಓದುತ್ತದೆ ಎಂಬುದರಲ್ಲಿ ಇನ್ನಷ್ಟು ತಿಳಿಯುವುದಿದೆ. ಅಣ್ಣನ ಮಗಳು ಆಮೇಲೆ ಕಡತವನ್ನು ಸ್ವಲ್ಪ ಹಿಗ್ಗಿಸಿ, ಹವಾಮಾನ ಇಲಾಖೆ ಅನುಸರಿಸುವ ಬೆಳಗಿನ 8.30ರ ಅಳತೆಗೆ ಒಂದು ಅಂಕಣ, ಸಂಜೆಯ ಅಳತೆಗೆ ಇನ್ನೊಂದು, ಟಿಪ್ಪಣಿಗೆ ಮತ್ತೊಂದು ಎಂದು ಮಾಡಿಕೊಂಡಳು. ಒಂದು ದಿನ ಬೆಳಿಗ್ಗೆ ಅಳೆಯಲಾಗಲಿಲ್ಲವೆಂದರೆ ಆ ಜಾಗ ಖಾಲಿ ಉಳಿಯುತ್ತದೆ, ಅಂದರೆ ಎರಡು ಅಲ್ಪವಿರಾಮಗಳು ಒಂದರ ಪಕ್ಕ ಒಂದು ಬರುತ್ತವೆ. ಫಾರ್ /ಎಫ್ ಹಾಗೆ ಒತ್ತಾಗಿ ಬಂದ ವಿಭಜಕಗಳನ್ನು ಎಷ್ಟಿದ್ದರೂ ಒಂದೇ ಎಂದು ಎಣಿಸುತ್ತದೆ. ಪರಿಣಾಮವಾಗಿ ಸಂಜೆಯ ಮಳೆ ಬೆಳಗಿನ ಮಳೆಯ ಜಾಗಕ್ಕೆ, ಟಿಪ್ಪಣಿ ಸಂಜೆಯ ಮಳೆಯ ಜಾಗಕ್ಕೆ ಜರುಗುತ್ತವೆ, ಮತ್ತು ಯಾವ ಎಚ್ಚರಿಕೆಯೂ ಇಲ್ಲದೆ ಲೂಪು ಮುಂದುವರಿಯುತ್ತದೆ. ಖಾಲಿ ಜಾಗದಲ್ಲಿ ಸೊನ್ನೆ ಬರೆದರಾಯಿತಲ್ಲ ಎಂದು ಯಾರಾದರೂ ಹೇಳಬಹುದು. ಮಳೆಯ ಲೆಕ್ಕದಲ್ಲಿ ನಾನು ಅದನ್ನು ಒಪ್ಪಲಾರೆ: ಮಳೆ ಬರಲಿಲ್ಲ ಎಂಬುದು ಒಂದು ಅಳತೆ, ಅಳೆಯಲಿಲ್ಲ ಎಂಬುದು ಅಳತೆಯ ಅಭಾವ. ಅಳೆಯದ ದಿನಕ್ಕೆ ಒಂದು ಅಡ್ಡಗೆರೆಯನ್ನು ಬರೆದು, ಲೂಪಿನೊಳಗೆ ಇಫ್ ನಾಟ್ "%%ಬಿ"=="-" ಎಂದು ಪರೀಕ್ಷಿಸಿಯೇ ಕೂಡಿಸಬೇಕು.

ಖಾಲಿ ಸಾಲುಗಳನ್ನು ಫಾರ್ /ಎಫ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅರ್ಧವಿರಾಮದಿಂದ ಶುರುವಾಗುವ ಸಾಲುಗಳನ್ನೂ ಬೇರೆ ಸೂಚನೆ ಇಲ್ಲದಿದ್ದರೆ ಬಿಟ್ಟುಬಿಡುತ್ತದೆ. ಕಡತದ ಹೆಸರಿನಲ್ಲಿ ಜಾಗವಿದ್ದು ಅದನ್ನು ಜೋಡಿ ಉದ್ಧರಣ ಚಿಹ್ನೆಯಲ್ಲಿ ಇಡಬೇಕಾಗಿ ಬಂದರೆ ಯೂಸ್‌ಬ್ಯಾಕ್‌ಕ್ಯೂ ಎಂಬ ಸೂಚನೆಯನ್ನೂ ಸೇರಿಸಬೇಕು. ಇಲ್ಲವಾದರೆ ಅದು ಕಡತವನ್ನು ತೆರೆಯುವ ಬದಲು ಆ ಹೆಸರನ್ನೇ ಓದಬೇಕಾದ ಪಠ್ಯವೆಂದು ತಿಳಿಯುತ್ತದೆ.

ಸಂಖ್ಯೆಗಳ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಸೆಟ್ /ಎ ಪೂರ್ಣಾಂಕಗಳನ್ನು ಮಾತ್ರ ಬಲ್ಲದು, 12.4 ಮಿಲಿಮೀಟರ್ ಎಂದು ಕೊಟ್ಟರೆ ನಡುವಿನ ಚುಕ್ಕಿಯಲ್ಲಿ ಎಡವುತ್ತದೆ. ಹೀಗಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ಮೂಲಮಾನವಾಗಿಟ್ಟುಕೊಂಡು 124 ಎಂದು ಬರೆಯುವುದು, ಕೊನೆಯಲ್ಲಿ ತೋರಿಸುವಾಗ ಮಾತ್ರ ಚುಕ್ಕಿ ಇಡುವುದು ಒಳ್ಳೆಯ ದಾರಿ. ಸೆಟ್ /ಎ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 2147483647. ವರ್ಷಕ್ಕೆ 7000 ಮಿಲಿಮೀಟರ್ ಮೀರುವ ಆಗುಂಬೆಯ ಮಳೆಯನ್ನು ಈ ಮೂಲಮಾನದಲ್ಲಿ ಬರೆದರೂ ಅದು 70 ಸಾವಿರದ ಆಸುಪಾಸಿನಲ್ಲಿ ನಿಲ್ಲುವುದರಿಂದ, ಮಲೆನಾಡಿನ ಮಳೆಗೆ ಸ್ಥಳ ಧಾರಾಳವಾಗಿದೆ.

ಹೆಚ್ಚು ಅಪಾಯಕಾರಿಯಾದದ್ದು ಸಂಖ್ಯೆಯ ಹಿಂದೆ ಬರುವ ಸೊನ್ನೆ. ಸೆಟ್ /ಎ ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಎಂಟರ ಪದ್ಧತಿಯ ಸಂಖ್ಯೆಯೆಂದು ಓದುತ್ತದೆ. ಆ ಪದ್ಧತಿಯಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲ. 01ರಿಂದ 07ರವರೆಗೆ ಎರಡೂ ಪದ್ಧತಿಗಳಲ್ಲಿ ಬೆಲೆ ಒಂದೇ ಆದ್ದರಿಂದ ದೋಷ ಅಡಗಿಯೇ ಇರುತ್ತದೆ. 10ರಿಂದ ಮುಂದೆ ಹಿಂದಿನ ಸೊನ್ನೆಯೇ ಇರುವುದಿಲ್ಲ. ಹೀಗಾಗಿ ತಿಂಗಳನ್ನು 06, 07 ಎಂದು ಬರೆದಿರುವ ಲೂಪು ಜೂನ್, ಜುಲೈಗಳನ್ನು ದಾಟಿಕೊಂಡು ಬಂದು, ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಮಾತ್ರ ಕೆಡುತ್ತದೆ, ಅಕ್ಟೋಬರಿನಲ್ಲಿ ಮತ್ತೆ ಸರಿಯಾಗುತ್ತದೆ. ಮುಂಗಾರಿನ ಅರ್ಧಭಾಗವೇ ಲೆಕ್ಕದಿಂದ ಬಿಟ್ಟುಹೋಗಬಹುದಾದ ಈ ದೋಷವನ್ನು ನಮ್ಮ ಕಡೆಯವರು ತಿಳಿದಿರಲೇಬೇಕು. ಸೆಟ್ /ಎ ತಪ್ಪೆಂದು ಹೇಳಿದರೂ ಲೂಪು ನಿಲ್ಲುವುದಿಲ್ಲ, ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ ಎಂಬುದು ವಿಷಯವನ್ನು ಇನ್ನಷ್ಟು ಗಂಭೀರವಾಗಿಸುತ್ತದೆ. ಪರಿಹಾರ ಚಿಕ್ಕದು: ಎರಡಂಕಿಯ ಸಂಖ್ಯೆಯ ಹಿಂದೆ 1 ಎಂಬ ಅಂಕಿಯನ್ನು ಅಂಟಿಸಿ, 100 ಕಳೆಯುವುದು. ಸೆಟ್ /ಎ ತಿಂಗಳು=1%%ಎಂ-100 ಎಂದು ಬರೆದರೆ 08 ಎಂಬುದು 108 ಆಗಿ, ಅದರಿಂದ 100 ಕಳೆದು 8 ಉಳಿಯುತ್ತದೆ. ಇದರ ವಿರುದ್ಧ ದಿಕ್ಕಿನ ಕೆಲಸವೂ ಬೇಕಾಗುತ್ತದೆ, ಏಕೆಂದರೆ ಫಾರ್ /ಎಲ್ %%ಎಂ ಇನ್ (1,1,12) ಎಂಬ ಲೂಪು 1, 2, 3 ಎಂದೇ ಎಣಿಸುತ್ತದೆಯೇ ಹೊರತು 01, 02 ಎಂದಲ್ಲ. ಆಗ 0%%ಎಂ ಎಂಬುದನ್ನು ಒಂದು ಚರಕ್ಕೆ ಹಾಕಿಕೊಂಡು, !ಚರ:~-2! ಎಂದು ಕೊನೆಯ ಎರಡು ಅಂಕಿಗಳನ್ನು ಮಾತ್ರ ತೆಗೆದುಕೊಳ್ಳಬೇಕು.

ಗೋಟು ಆಜ್ಞೆಯಿಂದ ಕಟ್ಟುವ ಲೂಪು ಬೇರೆ ಜಾತಿಯದು. ಒಂದು ಲೇಬಲ್ ಇಟ್ಟು, ಕೆಲಸ ಮಾಡಿ, ಮತ್ತೆ ಆ ಲೇಬಲ್ಲಿಗೆ ಹೋಗು ಎನ್ನುವ ಈ ಹಳೆಯ ಕ್ರಮವನ್ನು ಹಲವರು ಕೀಳಾಗಿ ಕಾಣುತ್ತಾರೆ, ನಾನು ಕಾಣುವುದಿಲ್ಲ. ಎಷ್ಟು ಸಲ ಎಂದು ಮೊದಲೇ ಹೇಳಲಾಗದ ಕೆಲಸಕ್ಕೆ, ಉದಾಹರಣೆಗೆ ಪೆನ್ ಡ್ರೈವ್ ಬರುವವರೆಗೆ ಕಾಯುವುದಕ್ಕೆ, ಇದೇ ಸರಿಯಾದ ರೂಪ: ಇಫ್ ಎಕ್ಸಿಸ್ಟ್ ಎಂದು ಪರೀಕ್ಷಿಸಿ, ಇಲ್ಲವಾದರೆ ಟೈಮ್‌ಔಟ್ /ಟಿ 60 ಎಂದು ಒಂದು ನಿಮಿಷ ಕಾದು, ಮತ್ತೆ ಲೇಬಲ್ಲಿಗೆ ಹಿಂದಿರುಗುವುದು. ಗೋಟು ಲೂಪಿನಲ್ಲಿ ಆವರಣದ ಕಟ್ಟು ಇಲ್ಲದಿರುವುದರಿಂದ ಪ್ರತಿ ಸಾಲನ್ನೂ ಅದರ ಸರದಿ ಬಂದಾಗ ಹೊಸದಾಗಿ ಓದಲಾಗುತ್ತದೆ, ಆದ್ದರಿಂದ ಶೇಕಡಾ ಚರಗಳೂ ಸರಿಯಾಗಿಯೇ ಕೆಲಸ ಮಾಡುತ್ತವೆ. ಹಾಗೆ ಹೊಸದಾಗಿ ಓದುವುದು ಡಿಸ್ಕಿನಲ್ಲಿರುವ ಬ್ಯಾಚ್ ಫೈಲಿನಿಂದಲೇ ಎಂಬುದನ್ನೂ ನೆನಪಿಡಬೇಕು. ಲೂಪು ಓಡುತ್ತಿರುವಾಗ ಅದೇ ಫೈಲನ್ನು ನೋಟ್‌ಪ್ಯಾಡಿನಲ್ಲಿ ತಿದ್ದಿ ಉಳಿಸಿದರೆ, ಕಮಾಂಡ್ ಪ್ರಾಂಪ್ಟು ತಾನು ಬಿಟ್ಟ ಜಾಗದಿಂದ ಮುಂದಕ್ಕೆ ಓದಲು ಹೋಗಿ, ಯಾವುದೋ ಪದದ ನಡುವಿನಿಂದ ಆರಂಭಿಸಬಹುದು. ಬ್ಯಾಚ್ ಫೈಲನ್ನು ಪೆನ್ ಡ್ರೈವಿನಿಂದಲೇ ಓಡಿಸಿ, ನಡುವೆ ಅದನ್ನು ಕಿತ್ತರೆ, ಬ್ಯಾಚ್ ಫೈಲೇ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ.

ಫಾರ್ /ಎಲ್ ಲೂಪಿನ ಒಳಗಿನಿಂದ ಗೋಟು ಹಾಕಿ ಹೊರಬರುವವರು ಒಂದನ್ನು ಗಮನಿಸಬೇಕು. ಒಳಗಿನ ಕೆಲಸ ನಿಲ್ಲುತ್ತದೆ, ಆದರೆ ಎಣಿಕೆ ಕೊನೆಯ ಸಂಖ್ಯೆಯವರೆಗೂ ಸದ್ದಿಲ್ಲದೆ ನಡೆಯುತ್ತದೆ. ಹತ್ತು ಸಾವಿರದವರೆಗಾದರೆ ತಿಳಿಯುವುದೂ ಇಲ್ಲ. ಕೊನೆಯೇ ಇಲ್ಲದಂತೆ ಹೆಜ್ಜೆಯನ್ನು ಸೊನ್ನೆ ಮಾಡಿ ಬರೆದ ಲೂಪಿನಿಂದ ಹೀಗೆ ಹೊರಬರಲು ಹೋದರೆ ಕಿಟಕಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಕರೆಂಟು ಹೋಗಿಬರುವ ದಿನಗಳಲ್ಲಿ ದಾಖಲೆಗಳ ನಕಲು ತೆಗೆಯಲು ಲೂಪು ಬರೆಯುವವರಿಗೆ, ಮೊದಲು ವಿಂಡೋಸ್‌ನಲ್ಲಿಯೇ ಇರುವ ನಕಲು ಆಜ್ಞೆ ರೋಬೋಕಾಪಿಯನ್ನು ನೋಡಿ ಎನ್ನುತ್ತೇನೆ, ಏಕೆಂದರೆ ಮರುಪ್ರಯತ್ನದ ಲೂಪು ಅದರೊಳಗೇ ಇದೆ. ಆದರೆ ಅದನ್ನು ಹಾಗೆಯೇ ಬಿಟ್ಟರೆ ಒಂದು ಕಡತಕ್ಕೆ 10 ಲಕ್ಷ ಸಲ, ನಡುವೆ 30 ಸೆಕೆಂಡುಗಳ ಬಿಡುವಿನಲ್ಲಿ, ಪ್ರಯತ್ನಿಸುತ್ತಲೇ ಇರುತ್ತದೆ. /ಆರ್:3 /ಡಬ್ಲ್ಯೂ:10 ಎಂಬಂತೆ ಮಿತಿ ಹಾಕುವುದು ಅಗತ್ಯ. ಅದು ಮರಳಿಸುವ ಸಂಖ್ಯೆ 8ಕ್ಕಿಂತ ಕಡಿಮೆಯಿದ್ದರೆ ನಕಲು ವಿಫಲವಾಗಿಲ್ಲವೆಂದು ಅರ್ಥ. ಕಡತಗಳು ನಕಲಾದಾಗ ಬರುವ 1 ಎಂಬ ಸಂಖ್ಯೆಯನ್ನು ದೋಷವೆಂದು ಭಾವಿಸಬಾರದು. ಈ ಪರೀಕ್ಷೆಯನ್ನು ಆವರಣದೊಳಗೆ ಬರೆಯುವಾಗ, ಆ ಸಂಖ್ಯೆಯನ್ನು ಹಿಡಿದಿಡುವ %ಎರರ್‌ಲೆವೆಲ್% ಚರವನ್ನು ಬಳಸಿದರೆ ಮಳೆಯ ಮೊತ್ತಕ್ಕೆ ಆದದ್ದೇ ಇಲ್ಲಿಯೂ ಆಗುತ್ತದೆ, ಲೂಪಿಗೆ ಮುಂಚಿನ ಹಳೆಯ ಬೆಲೆ ಸಿಗುತ್ತದೆ. ಇಫ್ ಎರರ್‌ಲೆವೆಲ್ 8 ಎಂದು ಶೇಕಡಾ ಚಿಹ್ನೆಯಿಲ್ಲದೆ ಬರೆದರೆ, ಅದು ನಡೆಯುವ ಹೊತ್ತಿನ ಬೆಲೆಯನ್ನು ನೋಡಿ, 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೌದೆನ್ನುತ್ತದೆ.

ದಶಮಾಂಶದ ಲೆಕ್ಕ, ದಿನಾಂಕಗಳ ನಡುವಿನ ಅಂತರ ಇಂಥವು ಹೆಚ್ಚಾದರೆ ವಿಂಡೋಸ್‌ನ ಹೊಸ ಆಜ್ಞಾಭಾಷೆಯಾದ ಪವರ್‌ಶೆಲ್ ಕಲಿಯುವುದೇ ಒಳ್ಳೆಯದು ಎಂದು ಅಣ್ಣನ ಮಗಳಿಗೂ ಹೇಳಿದ್ದೇನೆ. ಆದರೆ ಮನೆಬಳಕೆಯ ವಿಂಡೋಸ್‌ನಲ್ಲಿ ಪವರ್‌ಶೆಲ್ ಸ್ಕ್ರಿಪ್ಟ್ ಕಡತಗಳು ಅನುಮತಿಯ ನೀತಿಯನ್ನು ಬದಲಿಸದೆ ಓಡುವುದಿಲ್ಲ, ಬ್ಯಾಚ್ ಫೈಲು ಎರಡು ಸಲ ಕ್ಲಿಕ್ ಮಾಡಿದರೆ ಓಡುತ್ತದೆ. ಇನ್ನೊಬ್ಬರ ಯಂತ್ರಕ್ಕೆ ಕೊಡಬೇಕಾದ ಸಣ್ಣ ಕೆಲಸಕ್ಕೆ ನಾನು ಇಂದಿಗೂ ಬ್ಯಾಚ್ ಫೈಲನ್ನೇ ಆರಿಸಿಕೊಳ್ಳುತ್ತೇನೆ.

ಹೆಸರು ಬದಲಿಸುವ ಅಥವಾ ಅಳಿಸುವ ಯಾವ ಲೂಪನ್ನಾದರೂ ಮೊದಲ ಸಲ ಓಡಿಸುವಾಗ, ಡು ಎಂಬುದರ ಮುಂದೆ ರೆನ್ ಅಥವಾ ಡೆಲ್ ಬರುವ ಜಾಗದಲ್ಲಿ ಎಕೋ ರೆನ್, ಎಕೋ ಡೆಲ್ ಎಂದು ಬರೆದು, ಲೂಪು ಏನು ಮಾಡಲು ಹೊರಟಿದೆ ಎಂಬುದನ್ನು ತೆರೆಯ ಮೇಲೆ ಓದಿಕೊಳ್ಳಿ. ವಿಶೇಷವಾಗಿ *.ಎಕ್ಸ್ಎಲ್ಎಸ್ ಎಂದು ಬರೆದ ಲೂಪುಗಳಲ್ಲಿ ಇದನ್ನು ತಪ್ಪಿಸಬೇಡಿ. ವಿಂಡೋಸ್ ಉದ್ದ ಹೆಸರಿನ ಜೊತೆಗೆ ಎಂಟು ಮತ್ತು ಮೂರು ಅಕ್ಷರಗಳ ಹಳೆಯ ಮಾದರಿಯ ಗಿಡ್ಡ ಹೆಸರನ್ನೂ ಇಟ್ಟಿರುವ ಡಿಸ್ಕಿನಲ್ಲಿ, ಎಕ್ಸ್ಎಲ್ಎಸ್ಎಕ್ಸ್ ಕಡತದ ಗಿಡ್ಡ ಹೆಸರು ಎಕ್ಸ್ಎಲ್ಎಸ್ ಎಂದೇ ಕೊನೆಯಾಗುತ್ತದೆ, ಮತ್ತು ಲೂಪು ಎರಡು ಹೆಸರುಗಳನ್ನೂ ನೋಡುತ್ತದೆ. ಹಳೆಯ ಎಕ್ಸೆಲ್ ಕಡತಗಳನ್ನು ಮಾತ್ರ ಅಳಿಸಬೇಕೆಂದು ಬರೆದ ಲೂಪು ಹೊಸವನ್ನೂ ಅಳಿಸಬಹುದು. ಡಿರ್ /ಎಕ್ಸ್ ಎಂದು ಕೊಟ್ಟರೆ ನಿಮ್ಮ ಫೋಲ್ಡರಿನಲ್ಲಿ ಗಿಡ್ಡ ಹೆಸರುಗಳಿವೆಯೇ ಎಂಬುದು ಕಾಣುತ್ತದೆ. ಇದ್ದರೂ ಇಲ್ಲದಿದ್ದರೂ, ಲೂಪಿನೊಳಗೆ ಇಫ್ /ಐ "%%~ಎಕ್ಸ್ಎಫ್"==".ಎಕ್ಸ್ಎಲ್ಎಸ್" ಎಂದು ನಿಜವಾದ ವಿಸ್ತರಣೆಯನ್ನು ಪರೀಕ್ಷಿಸಿದ ಮೇಲೆಯೇ ಡೆಲ್ ಆಜ್ಞೆಯನ್ನು ಬರೆಯಿರಿ.